ಪದವಿಯ ಬೆಲೆ: ತೆತ್ತವರು ಯಾರು?



ಮಗನ ಪದವಿಗಾಗಿ ಹೊಲ ಮಾರಿದ ತಂದೆಯೊಬ್ಬನು ನಿಮ್ಮ ಊರಿನಲ್ಲಿಯೂ ಇದ್ದಾನು. ಸುರಿದ ಹಣಕ್ಕೆ ತಕ್ಕ ಫಲ ದೊರೆಯಿತೇ ಎಂದು ಆತನು ಕೇಳಿದರೆ ಏನು ಹೇಳುವಿರಿ? ಈ ಪ್ರಶ್ನೆ ಹೊಸದಲ್ಲ. ನೂರು ವರ್ಷಗಳಿಗೂ ಹಿಂದೆ ನಮ್ಮ ಹಿರಿಯರು ಇದನ್ನು ಎದುರಿಸಿದ್ದರು.

ಮುಂಬಯಿ ವಿಶ್ವವಿದ್ಯಾಲಯವು 1857ರಲ್ಲಿಯೇ ಸ್ಥಾಪಿತವಾದರೂ ಆ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಿಗೆ ತಮ್ಮದೊಂದು ಕಾಲೇಜು ದೊರೆತುದು 1917ರಲ್ಲಿ, ಧಾರವಾಡದ ಕರ್ನಾಟಕ ಕಾಲೇಜು ತೆರೆದಾಗ. ಅಲ್ಲಿಯವರೆಗೆ ಪದವಿ ಬೇಕೆಂಬವನು ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಫೀ ಒಂದೇ ಅಲ್ಲ. ಪರಸ್ಥಳದ ಊಟ, ಬಾಡಿಗೆ, ಪ್ರಯಾಣ, ಅದರ ಮೇಲೆ ಮನೆಯ ಒಕ್ಕಲುತನಕ್ಕೆ ಎರಡು ಕೈ ಕಡಿಮೆ. ಈ ಕೊನೆಯ ವೆಚ್ಚವನ್ನು ಯಾವ ಲೆಕ್ಕದ ಪುಸ್ತಕದಲ್ಲಿಯೂ ಯಾರೂ ಬರೆಯುವುದಿಲ್ಲ! ಒಬ್ಬ ರೈತನ ದೃಷ್ಟಿಯಿಂದ ಇದು ನಷ್ಟದ ವ್ಯವಹಾರವೇ ಸರಿ. ಆದರೆ ಕಚೇರಿಯ ಕಾಗದವನ್ನು ಓದಬಲ್ಲ, ನ್ಯಾಯಾಲಯದಲ್ಲಿ ನಿಂತು ವಾದಿಸಬಲ್ಲ ಒಬ್ಬನು ತಮ್ಮಲ್ಲಿರುವುದರ ಲಾಭವು ಆ ಮನೆಗಷ್ಟೇ ಅಲ್ಲ, ಇಡೀ ಊರಿಗೆ ಸಲ್ಲುವಂಥದು. ಲಾಭವು ಎಲ್ಲರದಾದ ಮೇಲೆ ವೆಚ್ಚವನ್ನು ಒಬ್ಬನೇ ಏಕೆ ಹೊರಬೇಕು?

ಗಿಲಗಂಚಿ ಗುರುಸಿದ್ದಪ್ಪನವರೂ ಅರಟಾಳ ರುದ್ರಗೌಡರೂ ಮುಂದಾಗಿ 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ಎಜ್ಯುಕೇಶನ್ ಫಂಡನ್ನು ಸ್ಥಾಪಿಸಿ, ಬಡ ವಿದ್ಯಾರ್ಥಿಗಳಿಗೆ ನೆರವಾಗತೊಡಗಿದರು. 1906ರಲ್ಲಿ ಲಿಂಗೈಕ್ಯರಾದ ಸಿರಸಂಗಿಯ ಲಿಂಗರಾಜ ದೇಸಾಯಿಯವರಂತೂ ತಮ್ಮ ಆಸ್ತಿಯನ್ನೇ ವಿದ್ಯೆಗೆ ಮೀಸಲಿರಿಸಿ ಮೃತ್ಯುಪತ್ರ ಬರೆದರು. 1916ರಲ್ಲಿ ಬೆಳಗಾವಿಯಲ್ಲಿ ಬಸವನಾಳ, ಸಾಖರೆ ಮೊದಲಾದವರು ಕೂಡಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿ, ತಮ್ಮ ಮೊದಲ ಪ್ರೌಢಶಾಲೆಗೆ ಗಿಲಗಂಚಿ-ಅರಟಾಳರ ಹೆಸರನ್ನೇ ಇಟ್ಟರು. ಪದವಿಯ ಬಲದಿಂದ ಸರಕಾರಿ ಚಾಕರಿ ಹಿಡಿಯಬಲ್ಲವರು ಮೇಷ್ಟರಾಗಿ ನಿಂತದ್ದನ್ನು ನಾನು ದಾನವೆಂದೇ ಎಣಿಸುತ್ತೇನೆ. 1933ರಲ್ಲಿ ಆ ಸಂಸ್ಥೆಯ ಲಿಂಗರಾಜ ಕಾಲೇಜು ಆರಂಭವಾಯಿತು.

ಊಟ-ವಸತಿಯ ಭಾರವನ್ನು ಮಠಗಳು ಹೊತ್ತವು. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗೆಗಳ ಪ್ರಸಾದನಿಲಯಗಳನ್ನು ನಿಮಗೆ ಪರಿಚಯಿಸಬೇಕಾಗಿಲ್ಲ. ನಿಮ್ಮಲ್ಲಿ ಅನೇಕರು ಅಂಥ ಪಂಕ್ತಿಯಲ್ಲಿ ಕುಳಿತು ಉಂಡವರೇ. ಆ ಧಾನ್ಯವನ್ನು ಕೊಟ್ಟ ಒಕ್ಕಲಿಗರಲ್ಲಿ ಎಷ್ಟೋ ಜನರು ತಾವು ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

ಕಾಲ ತಿರುಗಿತು. ಖಾಸಗಿ ವೃತ್ತಿ ಕಾಲೇಜುಗಳು ಬೆಳೆದಂತೆ ಕ್ಯಾಪಿಟೇಶನ್ ಹಾವಳಿಯೂ ಬೆಳೆದು, 1984ರಲ್ಲಿ ಕರ್ನಾಟಕ ಸರಕಾರವು ಅದನ್ನು ನಿಷೇಧಿಸುವ ಶಾಸನ ಮಾಡಬೇಕಾಯಿತು. ಆದರೂ 1989ರ ಸರಕಾರಿ ಅಧಿಸೂಚನೆಯಂತೆ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕರ್ನಾಟಕದವರಿಗೆ 25,000ದವರೆಗೆ, ಹೊರರಾಜ್ಯದವರಿಗೆ 60,000ದವರೆಗೆ! ಪಾಠ ಒಂದೇ, ಬೆಲೆ ಮೂರು. ಉತ್ತರಪ್ರದೇಶದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಇದನ್ನು ಪ್ರಶ್ನಿಸಿದಾಗ, 1992ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ವಸೂಲಿಯು ಸಂವಿಧಾನಕ್ಕೆ ವಿರುದ್ಧವೆಂದು ಸಾರಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಅರ್ಧ ಸೀಟುಗಳು ಅಗ್ಗವಾದವು, ಅರ್ಧ ದುಬಾರಿಯಾದವು; 2002ರಲ್ಲಿ ಆ ಏರ್ಪಾಟೂ ಬಿದ್ದುಹೋಯಿತು.

ಹೊಲ ಮಾರಿದ ತಂದೆಯು ಈಗ ಒಬ್ಬನೇ ಲೆಕ್ಕ ಹಾಕುತ್ತಿದ್ದಾನೆ. ಫಂಡಿನ ಹಣದಿಂದಲೋ ಮಠದ ಅನ್ನದಿಂದಲೋ ಪದವಿ ಪಡೆದ ತಾವು ಆತನ ಮಗನ ಫೀಯಲ್ಲಿ ಎಷ್ಟು ಪಾಲು ಹೊರುವಿರಿ?