ಸೋಷಿಯಲ್ ಮೀಡಿಯಾ ಸುರಕ್ಷತೆ: ‘ಬೇಡ’ಗಳ ಪಟ್ಟಿಗೂ ಮೊದಲು ಮಕ್ಕಳಿಗೆ ಕಲಿಸಬೇಕಾದ್ದು

ನಮ್ಮ ಶಾಲೆಗಳಲ್ಲಿ ಸೈಬರ್ ಜಾಗೃತಿ ಕಾರ್ಯಕ್ರಮ ಹೇಗೆ ನಡೆಯುತ್ತೆ ಅಂತ ಬಹುತೇಕರಿಗೆ ಗೊತ್ತು. ಠಾಣೆಯಿಂದ ಒಬ್ಬ ಅಧಿಕಾರಿ ಬರುತ್ತಾರೆ. ಎಂಟರಿಂದ ಹತ್ತನೇ ತರಗತಿಯವರೆಗಿನ ಮಕ್ಕಳನ್ನು ಹಾಲ್‌ನಲ್ಲಿ ಕೂರಿಸ್ತಾರೆ. ಪ್ರೊಜೆಕ್ಟರ್ ಇದ್ದರೆ ಪಿಪಿಟಿ, ಇಲ್ಲದಿದ್ದರೆ ಭಾಷಣ. ಫೋಟೊ ಹಾಕಬೇಡಿ, ಅಪರಿಚಿತರ ಜೊತೆ ಚಾಟ್ ಮಾಡಬೇಡಿ, ಒಟಿಪಿ ಹೇಳಬೇಡಿ, ಎಸ್ಸೆಸ್ಸೆಲ್ಸಿ ಮುಗಿಯೋವರೆಗೆ ಮೊಬೈಲನ್ನೇ ಮುಟ್ಟಬೇಡಿ. ಆಮೇಲೆ ವಂದನಾರ್ಪಣೆ, ಗ್ರೂಪ್ ಫೋಟೊ. ಆ ಫೋಟೊ ಸಂಜೆಯೊಳಗೆ ಶಾಲೆಯ ಫೇಸ್‌ಬುಕ್ ಪೇಜ್‌ನಲ್ಲಿ!

ಈ ಸಲಹೆಗಳಲ್ಲಿ ತಪ್ಪೇನೂ ಇಲ್ಲ. ಆದರೆ ಆ ಹಾಲ್‌ನ ನಾಲ್ಕನೇ ಸಾಲಿನಲ್ಲಿ ಈಗಾಗಲೇ ಫೋಟೊ ಕಳಿಸಿ ಸಿಕ್ಕಿಹಾಕಿಕೊಂಡಿರುವ ಒಂದು ಮಗು ಕೂತಿದ್ದರೆ ಅದಕ್ಕೆ ಏನು ಕೇಳಿಸುತ್ತೆ? ‘ಹೇಳಿದ್ದನ್ನು ಕೇಳದೆ ಮಾಡಿದೆ, ಈಗ ಅನುಭವಿಸು’ ಅಂತ ಕೇಳಿಸುತ್ತೆ. ಆ ಮಗು ಆಮೇಲೆ ಟೀಚರ್ ಹತ್ತಿರ ಬರಲ್ಲ, ಮನೆಯಲ್ಲೂ ಬಾಯಿ ಬಿಡಲ್ಲ. ಬೆದರಿಸುವವನಿಗೆ ಬೇಕಾಗಿರೋದೂ ಅದೇ. ಹಾಗಾಗಿ ಏನಾದರೂ ಆದ ಮೇಲೆ ಯಾರ ಹತ್ತಿರ ಹೋಗಬೇಕು, ಹೋದರೆ ಏನಾಗುತ್ತೆ ಅನ್ನೋದನ್ನು ನಮ್ಮ ಪಾಠಗಳು ಮೊದಲು ಹೇಳಬೇಕು. ‘ಬೇಡ’ಗಳ ಸರದಿ ಆಮೇಲೆ.

ಬ್ಲ್ಯಾಕ್‌ಮೇಲ್ ಹೇಗೆ ಕೆಲಸ ಮಾಡುತ್ತೆ

ಮಕ್ಕಳಿಗೆ ಈ ವಂಚನೆಯ ಯಂತ್ರವನ್ನು ಬಿಚ್ಚಿ ತೋರಿಸಬೇಕು. ಇಂಜಿನಿಯರಿಂಗ್ ಓದಿದವನ ಚಟ ಅಂತಲೇ ಅಂದುಕೊಳ್ಳಿ, ಒಳಗಡೆ ಏನು ತಿರುಗುತ್ತಿದೆ ಅಂತ ಗೊತ್ತಾದ ಯಂತ್ರದ ಬಗ್ಗೆ ಅರ್ಧ ಭಯ ಹೋಗುತ್ತೆ ಅಂತ ನಾನು ನಂಬ್ತೀನಿ.

ಮೊದಲು ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ರಿಕ್ವೆಸ್ಟ್ ಬರುತ್ತೆ. ಡಿಪಿಯಲ್ಲಿ ಅದೇ ವಯಸ್ಸಿನ ಹುಡುಗಿ ಅಥವಾ ಹುಡುಗ. ಕ್ಲಾಸ್‌ಮೇಟ್‌ಗಳಲ್ಲಿ ನಾಲ್ಕೈದು ಜನ ಆಗಲೇ ಒಪ್ಪಿಕೊಂಡಿರ್ತಾರೆ, ಹಾಗಾಗಿ ಮ್ಯೂಚುವಲ್ ಫ್ರೆಂಡ್ಸ್ ಕಾಣುತ್ತೆ, ನಂಬಿಕೆ ಬರುತ್ತೆ. ಒಪ್ಪಿಕೊಂಡ ಕ್ಷಣದಲ್ಲೇ ಆ ಕಡೆಯವನಿಗೆ ಫಾಲೋವರ್ ಪಟ್ಟಿ ಸಿಕ್ಕಿಬಿಡುತ್ತೆ. ಪ್ರೈವೇಟ್ ಅಕೌಂಟ್ ಅಂದರೆ ಫೋಟೊ ಮುಚ್ಚಿಡೋದು ಅಂತ ಎಲ್ಲರೂ ತಿಳಿದಿದ್ದಾರೆ. ನನ್ನ ಪ್ರಕಾರ ಅದರ ದೊಡ್ಡ ಉಪಯೋಗ ಈ ಪಟ್ಟಿಯನ್ನು ಮುಚ್ಚಿಡೋದು. ಮುಂದೆ ಮಾತು ಬೇರೆ ಆ್ಯಪ್‌ಗೆ ಹೋಗುತ್ತೆ, ಹೊಗಳಿಕೆ ಶುರುವಾಗುತ್ತೆ. ಒಂದು ಫೋಟೊ, ಇಲ್ಲಾಂದ್ರೆ ವಿಡಿಯೊ ಕಾಲ್. ಅದರ ಬೆನ್ನಿಗೇ ಎರಡು ಸ್ಕ್ರೀನ್‌ಶಾಟ್ ಬರುತ್ತವೆ. ಒಂದರಲ್ಲಿ ಮಗುವಿನ ಚಿತ್ರ, ಇನ್ನೊಂದರಲ್ಲಿ ಅಣ್ಣ, ಅತ್ತೆ, ಟ್ಯೂಷನ್ ಮೇಷ್ಟ್ರು ಎಲ್ಲರೂ ಇರುವ ಫಾಲೋವರ್ ಪಟ್ಟಿ. ‘ಹತ್ತು ನಿಮಿಷ ಟೈಮ್ ಇದೆ, ದುಡ್ಡು ಹಾಕು.’ ದುಡ್ಡಿಲ್ಲ ಅಂದರೆ ಇನ್ನೊಂದು ಫೋಟೊ ಕೇಳ್ತಾನೆ.

ಇಲ್ಲಿ ಅವನ ಕೈಯಲ್ಲಿರುವ ನಿಜವಾದ ಅಸ್ತ್ರ ‘ಮನೆಯವರಿಗೆ ಗೊತ್ತಾದರೆ’ ಅನ್ನೋ ಭಯ. ಮನೆಯವರಿಗೆ ಮಗುವೇ ಮೊದಲು ಹೇಳಿಬಿಟ್ಟರೆ ಅವನ ಆಟದ ಮುಕ್ಕಾಲು ಭಾಗ ಅಲ್ಲಿಗೆ ಮುಗೀತು. ದುಡ್ಡು ಕೊಟ್ಟರೆ ಮುಗಿಯಲ್ಲ. ಈ ಮಗುವಿನಿಂದ ದುಡ್ಡು ಬರುತ್ತೆ ಅಂತ ಅವನಿಗೆ ಖಾತ್ರಿಯಾಗುತ್ತೆ, ಅಷ್ಟೇ. ಇದು ಹುಡುಗಿಯರಿಗೆ ಮಾತ್ರ ಆಗುವಂಥದ್ದು ಅನ್ನೋ ಭ್ರಮೆಯೂ ಬೇಡ. ದುಡ್ಡಿಗಾಗಿ ನಡೆಯುವ ಈ ದಂಧೆ ಹದಿಹರೆಯದ ಹುಡುಗರನ್ನೇ ಹೆಚ್ಚು ಗುರಿ ಮಾಡುತ್ತೆ ಅಂತ ಅಮೆರಿಕದ ಎಫ್‌ಬಿಐ ಹಲವು ಸಲ ಎಚ್ಚರಿಸಿದೆ. ಹುಡುಗರಂತೂ ಹೇಳಿಕೊಳ್ಳೋದು ಇನ್ನೂ ಕಡಿಮೆ.

ಮೊದಲ ಒಂದು ಗಂಟೆ

ಬೆಂಕಿ ಬಿದ್ದಾಗ ಏನು ಮಾಡಬೇಕು ಅಂತ ಡ್ರಿಲ್ ಮಾಡಿಸುವ ಹಾಗೆ ಇದನ್ನೂ ಅಭ್ಯಾಸ ಮಾಡಿಸಬೇಕು. ಗಾಬರಿಯಲ್ಲಿ ಮಕ್ಕಳು ಮೊದಲು ಮಾಡೋದು ಚಾಟ್ ಡಿಲೀಟ್, ಆಮೇಲೆ ಅಕೌಂಟ್ ಡಿಲೀಟ್. ಎರಡೂ ಸಾಕ್ಷ್ಯವನ್ನು ನಾಶ ಮಾಡುತ್ತವೆ. ಸರಿಯಾದ ಕ್ರಮ ಇದು: ಉತ್ತರ ಕೊಡೋದು ನಿಲ್ಲಿಸಿ, ಬೆದರಿಕೆಯ ಮೆಸೇಜ್‌ಗಳ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಡಿಸ್‌ಪ್ಲೇ ನೇಮ್ ಯಾರು ಬೇಕಾದರೂ ಏನು ಬೇಕಾದರೂ ಇಟ್ಟುಕೊಳ್ಳಬಹುದು, ಹಾಗಾಗಿ ಯೂಸರ್‌ನೇಮ್ ಮತ್ತು ಪ್ರೊಫೈಲ್ ಲಿಂಕ್ ಬರೆದಿಡಿ. ದುಡ್ಡು ಕೇಳಿದ್ದರೆ ಯುಪಿಐ ಐಡಿಯನ್ನೂ ಉಳಿಸಿಕೊಳ್ಳಿ. ಒಬ್ಬ ದೊಡ್ಡವರಿಗೆ ಹೇಳಿ. ರಿಪೋರ್ಟ್, ಬ್ಲಾಕ್ ಎಲ್ಲ ಸಾಕ್ಷ್ಯ ಉಳಿಸಿದ ಮೇಲೆ.

ಇಲ್ಲಿ ಒಂದು ಉಪಕರಣದ ಬಗ್ಗೆ ಹೇಳಲೇಬೇಕು, ಯಾಕಂದರೆ ನಮ್ಮ ಶಾಲೆಗಳಲ್ಲಿ ಇದರ ಹೆಸರು ಕೇಳಿದವರು ತೀರಾ ಕಡಿಮೆ. ಅಮೆರಿಕದ ಎನ್‌ಸಿಎಂಇಸಿ ಎಂಬ ಮಕ್ಕಳ ರಕ್ಷಣಾ ಸಂಸ್ಥೆ 2023ರಲ್ಲಿ ಶುರು ಮಾಡಿದ ‘ಟೇಕ್ ಇಟ್ ಡೌನ್’ ಸೇವೆ ಉಚಿತ, ಹೆಸರು ಕೊಡಬೇಕಾಗಿಲ್ಲ, ಭಾರತದಿಂದಲೂ ಬಳಸಬಹುದು. 18ಕ್ಕಿಂತ ಕಡಿಮೆ ವಯಸ್ಸಿನಲ್ಲಿ ತೆಗೆದ ನಗ್ನ ಅಥವಾ ಅರೆನಗ್ನ ಚಿತ್ರವನ್ನು ಫೋನ್‌ನಲ್ಲಿ ಆಯ್ಕೆ ಮಾಡಿದರೆ, ಆ ಸೈಟ್ ಚಿತ್ರವನ್ನು ಅಪ್‌ಲೋಡ್ ಮಾಡಿಕೊಳ್ಳದೆ ಫೋನ್‌ನಲ್ಲೇ ಅದರ ‘ಹ್ಯಾಶ್’ ತೆಗೆಯುತ್ತೆ. ಹ್ಯಾಶ್ ಅಂದರೆ ಚಿತ್ರದ ಬೆರಳಚ್ಚು ಅಂದುಕೊಳ್ಳಿ, ಅಂಕಿ-ಅಕ್ಷರಗಳ ಒಂದು ಸಾಲು. ಬೆರಳಚ್ಚಿನಿಂದ ಮನುಷ್ಯನ ಮುಖ ಬರೆಯೋಕೆ ಆಗದ ಹಾಗೆ ಹ್ಯಾಶ್‌ನಿಂದ ಚಿತ್ರ ವಾಪಸ್ ಬರಲ್ಲ. ಆ ಸಾಲು ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಸ್ನ್ಯಾಪ್‌ಚಾಟ್ ಮುಂತಾದ ಕಂಪನಿಗಳಿಗೆ ಹೋಗುತ್ತೆ, ಅದೇ ಚಿತ್ರ ಅಲ್ಲಿ ಕಂಡರೆ ಅವರು ತೆಗೆಯಬಹುದು. ಮಿತಿಯೂ ಇದೆ. ಇದರಲ್ಲಿ ಸೇರಿಕೊಂಡ ಕಂಪನಿಗಳಲ್ಲಿ ಮಾತ್ರ ಇದು ಕೆಲಸ ಮಾಡುತ್ತೆ, ವಾಟ್ಸ್ಆ್ಯಪ್‌ನಂಥ ಎನ್‌ಕ್ರಿಪ್ಟ್ ಆದ ಚಾಟ್‌ಗಳ ಒಳಗೆ ಇದು ನೋಡಲಾರದು. 18 ದಾಟಿದ ಮೇಲೆ ತೆಗೆದ ಚಿತ್ರಗಳಿಗೆ ‘ಸ್ಟಾಪ್ ಎನ್‌ಸಿಐಐ’ ಅಂತ ಇಂಥದ್ದೇ ಬೇರೆ ಸೇವೆ ಇದೆ.

ಶಿಕ್ಷಕರಿಗೆ ಎರಡು ಎಚ್ಚರಿಕೆ. ಮಗು ಬಂದು ಹೇಳಿದಾಗ ‘ಎಲ್ಲಿ, ಆ ಫೋಟೊ ನನಗೆ ಕಳಿಸು, ಸಾಕ್ಷ್ಯಕ್ಕೆ ಬೇಕು’ ಅನ್ನಲೇಬೇಡಿ. ಮಕ್ಕಳ ಅಶ್ಲೀಲ ಚಿತ್ರವನ್ನು ಹಂಚೋದು ಐಟಿ ಕಾಯ್ದೆಯ 67ಬಿ ಸೆಕ್ಷನ್ ಪ್ರಕಾರ ಅಪರಾಧ. ಅದನ್ನು ಅಳಿಸದೆ, ವರದಿ ಮಾಡದೆ ಇಟ್ಟುಕೊಳ್ಳುವುದೂ ಪೋಕ್ಸೊ ಅಡಿ ಅಪರಾಧವಾಗಬಹುದು ಅನ್ನೋದನ್ನು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಸದುದ್ದೇಶದಿಂದ ಸ್ಟಾಫ್ ಗ್ರೂಪ್‌ಗೆ ಫಾರ್ವರ್ಡ್ ಮಾಡಿದ ಮೇಷ್ಟ್ರು ತಾನೇ ಆರೋಪಿಯಾಗುವ ಸಾಧ್ಯತೆ ಇದೆ. ಎರಡನೇದು, ‘ಯಾರಿಗೂ ಹೇಳಲ್ಲ, ಹೇಳಪ್ಪಾ’ ಅಂತ ಮಾತು ಕೊಡಬೇಡಿ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಅಂತ ಗೊತ್ತಾದವರು ಪೊಲೀಸರಿಗೆ ತಿಳಿಸುವುದನ್ನು ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಕಡ್ಡಾಯ ಮಾಡಿದೆ. ‘ಹೇಳಬೇಕಾದವರಿಗೆ ಮಾತ್ರ ಹೇಳ್ತೀನಿ, ನಿನಗೆ ತಿಳಿಸಿಯೇ ಹೇಳ್ತೀನಿ’ ಅನ್ನಬಹುದು. ಮಾತು ಕೊಟ್ಟು ಮುರಿದರೆ ಆ ಕ್ಲಾಸ್‌ನಿಂದ ಇನ್ನೊಂದು ಮಗು ಬರಲ್ಲ. ಅಂದ ಹಾಗೆ ಮಕ್ಕಳು ಸಾಮಾನ್ಯವಾಗಿ ‘ಮಿಸ್, ನನ್ನ ಫ್ರೆಂಡ್‌ಗೆ ಹೀಗಾಗಿದೆಯಂತೆ’ ಅಂತಲೇ ಶುರು ಮಾಡೋದು. ಯಾರು ಆ ಫ್ರೆಂಡ್ ಅಂತ ಕೆದಕಬೇಡಿ, ಉತ್ತರ ಕೊಡಿ ಸಾಕು.

ಫೋಟೊ ಕಳಿಸದ ಮಕ್ಕಳಿಗೂ ಆಗಬಹುದು

ಸ್ಪೇನ್‌ನ ಅಲ್ಮೆಂದ್ರಾಲೆಹೊ ಒಂದು ಸಣ್ಣ ಊರು. 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿಯ 20ಕ್ಕೂ ಹೆಚ್ಚು ಹುಡುಗಿಯರ ನಗ್ನ ಚಿತ್ರಗಳು ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲಿ ಓಡಾಡಿದವು. ಕೆಲವರಿಗೆ ಇನ್ನೂ 11 ವರ್ಷ. ಅವರಲ್ಲಿ ಯಾರೂ ಅಂಥ ಫೋಟೊ ತೆಗೆದುಕೊಂಡಿರಲಿಲ್ಲ. ಸೋಷಿಯಲ್ ಮೀಡಿಯಾದಲ್ಲಿದ್ದ, ಬಟ್ಟೆ ತೊಟ್ಟ ಮಾಮೂಲಿ ಫೋಟೊಗಳನ್ನೇ ಎಐ ಆ್ಯಪ್‌ಗೆ ಹಾಕಿ ಈ ಚಿತ್ರ ಮಾಡಲಾಗಿತ್ತು. ಮಾಡಿದವರು ಹೊರದೇಶದ ಹ್ಯಾಕರ್‌ಗಳೇನೂ ಅಲ್ಲ, ಗುರುತಿರುವ ಅದೇ ಊರಿನ ಹುಡುಗರು. 2024ರ ಜುಲೈನಲ್ಲಿ ಬಾಲನ್ಯಾಯಾಲಯ 15 ಮಂದಿಗೆ ಒಂದು ವರ್ಷದ ಪ್ರೊಬೇಷನ್ ವಿಧಿಸಿತು. ಜೊತೆಗೆ ಲಿಂಗ ಸಮಾನತೆ ಮತ್ತು ತಂತ್ರಜ್ಞಾನದ ಜವಾಬ್ದಾರಿಯುತ ಬಳಕೆಯ ತರಗತಿಗೆ ಕೂರಬೇಕು ಅಂತ ಹೇಳಿತು.

ಆ ಪ್ರಕರಣ ಬಯಲಾದ ರೀತಿ ಗಮನಿಸಿ. ಒಬ್ಬ ಹುಡುಗಿ ಬಂದು ಅಮ್ಮನಿಗೆ ಹೇಳಿದಳು. ಅಮ್ಮ ಮಿರಿಯಂ ಅಲ್ ಅದಿಬ್, ವೃತ್ತಿಯಲ್ಲಿ ಸ್ತ್ರೀರೋಗ ತಜ್ಞೆ. ಅವರು ಇನ್‌ಸ್ಟಾಗ್ರಾಮ್‌ನಲ್ಲಿ ನೇರವಾಗಿ ಮಾತಾಡಿ, ಇದು ಹುಡುಗಿಯರ ತಪ್ಪಲ್ಲ, ಹೆದರಬೇಡಿ, ಮನೆಯಲ್ಲಿ ಹೇಳಿ ಅಂದರು. ಆಮೇಲೆ ಒಬ್ಬೊಬ್ಬರೇ ತಾಯಂದಿರು ಮುಂದೆ ಬಂದರು.

‘ಫೋಟೊ ಹಾಕಬೇಡಿ ಹುಡುಗೀರೇ’ ಅನ್ನೋ ಪಾಠ ಇಂಥ ಕಡೆ ಯಾವ ಉಪಯೋಗಕ್ಕೂ ಬರಲ್ಲ. ಪಾಠ ಬೇಕಾಗಿರೋದು ಆ ಹುಡುಗರಿಗೆ. ಮಾರ್ಫ್ ಮಾಡೋದು, ಅದನ್ನು ಫಾರ್ವರ್ಡ್ ಮಾಡೋದು ತಮಾಷೆ ಅಲ್ಲ, ಅಪರಾಧ ಅಂತ ಎಂಟನೇ ಕ್ಲಾಸಿನ ಹುಡುಗರಿಗೆ ನೇರ ಮಾತಲ್ಲಿ ಯಾರು ಹೇಳಿದ್ದಾರೆ? ಹೆಣ್ಣುಮಕ್ಕಳನ್ನು ಬೇರೆ ಕೂರಿಸಿ ‘ಜಾಗ್ರತೆ’ ಹೇಳಿ ಕಳಿಸೋದು ನಮ್ಮ ರೂಢಿ. ಆ ಹೊತ್ತಿನಲ್ಲಿ ಹುಡುಗರು ಗ್ರೌಂಡ್‌ನಲ್ಲಿ ಆಡ್ತಿರ್ತಾರೆ.

ಕ್ಲಾಸಿನಲ್ಲಿ ಮಾಡಬಹುದಾದ್ದು

ಇದಕ್ಕೆ ಕಂಪ್ಯೂಟರ್ ಲ್ಯಾಬ್ ಬೇಕಿಲ್ಲ, ಒಂದು ಪೀರಿಯಡ್ ಸಾಕು. ಕೇಂದ್ರ ಗೃಹ ಸಚಿವಾಲಯ ವಿದ್ಯಾರ್ಥಿಗಳಿಗಾಗಿ 2018ರಲ್ಲೇ ಸೈಬರ್ ಸುರಕ್ಷತೆಯ ಕೈಪಿಡಿ ತಂದಿದೆ. ಆದರೂ ಮಕ್ಕಳ ದಿನನಿತ್ಯದಿಂದಲೇ ಶುರು ಮಾಡಿದರೆ ಒಳ್ಳೇದು. ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ ಕೈಗೆ ಬಂದ ದಿನ ಅದನ್ನು ಸ್ಟೋರಿಗೆ ಹಾಕೋದು ಸಾಮಾನ್ಯ. ಅದರಲ್ಲಿ ಹೆಸರು, ಶಾಲೆ, ನೋಂದಣಿ ಸಂಖ್ಯೆ, ಹುಟ್ಟಿದ ದಿನಾಂಕ ಎಲ್ಲ ಇರುತ್ತೆ. ರಿಸಲ್ಟ್ ನೋಡೋಕೆ ಬೇಕಾಗಿರೋದೂ ಆ ಕೊನೆಯ ಎರಡೇ. ಅಂದರೆ ನಿನ್ನ ಮಾರ್ಕ್ಸ್ ನಿನಗಿಂತ ಮೊದಲು ಇಡೀ ಊರಿಗೆ ಗೊತ್ತಾಗಬಹುದು. ಇಷ್ಟು ಹೇಳಿದರೆ ಕ್ಲಾಸ್ ನಗುತ್ತೆ, ಆದರೆ ಮರೆಯಲ್ಲ.

ಹಾಗೇ ಸ್ನ್ಯಾಪ್‌ಚಾಟ್ ಸ್ಟ್ರೀಕ್ ಕಡಿಯಬಾರದು ಅಂತ ಪರೀಕ್ಷೆ ಸಮಯದಲ್ಲಿ ಪಾಸ್‌ವರ್ಡ್ ಗೆಳೆಯನಿಗೆ ಕೊಡೋದು. ಜಗಳ ಆದ ದಿನ ಆ ಪಾಸ್‌ವರ್ಡ್ ಯಾರ ಕೈಯಲ್ಲಿರುತ್ತೆ? ಫ್ರೀ ಫೈರ್ ಡೈಮಂಡ್ ಉಚಿತ ಅಂತ ಬಂದ ಲಿಂಕ್‌ನಲ್ಲಿ ಫೇಸ್‌ಬುಕ್ ಲಾಗಿನ್ ಕೇಳಿದರೆ ಅದು ಅಕೌಂಟ್ ಕದಿಯುವ ಗಾಳ. ಶಾಲೆಯ ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತೆ, ಹಾಗಾಗಿ ಯಾರು ಗ್ರೂಪ್‌ಗೆ ಸೇರಿಸಬಹುದು ಅನ್ನೋ ಸೆಟ್ಟಿಂಗನ್ನು ‘ಮೈ ಕಾಂಟ್ಯಾಕ್ಟ್ಸ್’ಗೆ ಬದಲಿಸೋದನ್ನು ಪೋಷಕರ ಸಭೆಯಲ್ಲೇ ಮಾಡಿಸಬಹುದು.

ವಯಸ್ಸಿನ ವಿಷಯಕ್ಕೆ ಸ್ವಲ್ಪ ನಿಲ್ಲೋಣ. ಇನ್‌ಸ್ಟಾಗ್ರಾಮ್ 2025ರ ಫೆಬ್ರವರಿಯಲ್ಲಿ ಭಾರತಕ್ಕೆ ‘ಟೀನ್ ಅಕೌಂಟ್’ ತಂದಿತು. 18ರ ಒಳಗಿನವರ ಅಕೌಂಟ್ ತಾನಾಗೇ ಪ್ರೈವೇಟ್ ಆಗುತ್ತೆ, ಫಾಲೋ ಮಾಡದವರು ಮೆಸೇಜ್ ಮಾಡೋಕೆ ಆಗಲ್ಲ, ರಾತ್ರಿ ಹತ್ತರಿಂದ ಬೆಳಗ್ಗೆ ಏಳರವರೆಗೆ ನೋಟಿಫಿಕೇಷನ್ ಬಂದ್. 16ರ ಒಳಗಿನವರು ಇದನ್ನು ಸಡಿಲಿಸಬೇಕಾದರೆ ಪೋಷಕರ ಒಪ್ಪಿಗೆ ಬೇಕು. ಒಳ್ಳೇ ವ್ಯವಸ್ಥೆಯೇ. ಆದರೆ ಕನಿಷ್ಠ ವಯಸ್ಸು 13 ಅಂತ ಇರುವ ಕಾರಣಕ್ಕೆ ಒಂಬತ್ತನೇ ವಯಸ್ಸಿಗೇ ಹುಟ್ಟಿದ ವರ್ಷ 2000 ಅಂತ ಹಾಕಿ ಅಕೌಂಟ್ ತೆರೆದ ಮಗು, ಕಂಪನಿಯ ಲೆಕ್ಕದಲ್ಲಿ ಇವತ್ತು ಪೂರ್ತಿ ದೊಡ್ಡವರು. ಅಂಥ ಸುಳ್ಳನ್ನು ಕಂಡುಹಿಡಿಯೋ ಪ್ರಯತ್ನ ಕಂಪನಿ ಮಾಡುತ್ತೆ, ಆದರೆ ಸಿಕ್ಕಿಬೀಳದ ಅಕೌಂಟ್‌ಗೆ ಈ ರಕ್ಷಣೆ ಯಾವುದೂ ಸಿಗಲ್ಲ. ಹಳ್ಳಿಗಳಲ್ಲಿ ಇನ್ನೊಂದು ರೀತಿ. ಮನೆಗೆಲ್ಲ ಒಂದೇ ಸ್ಮಾರ್ಟ್‌ಫೋನ್, ಅಕೌಂಟ್ ಅಪ್ಪನ ನಂಬರ್‌ನಲ್ಲಿ, ಬಳಸೋದು ಮಕ್ಕಳು. ‘ಪೇರೆಂಟಲ್ ಕಂಟ್ರೋಲ್ ಹಾಕಿ’ ಅನ್ನೋ ಸಲಹೆ ಅಲ್ಲಿ ಗಾಳಿಮಾತು. ಮಗುವಿನ ಜೊತೆ ಕೂತು ಹುಟ್ಟಿದ ದಿನಾಂಕ ಸರಿಮಾಡಿಸಿ, ಆದರೆ ಬೈಯದೆ.

ಕಾನೂನು ಇದನ್ನೆಲ್ಲ ಸರಿ ಮಾಡುತ್ತೆ ಅಂತ ಕಾಯುವವರಿದ್ದಾರೆ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16ರ ಒಳಗಿನವರು ಪ್ರಮುಖ ತಾಣಗಳಲ್ಲಿ ಅಕೌಂಟ್ ಹೊಂದುವಂತಿಲ್ಲ ಅಂದಿದೆ. ನಮ್ಮ 2023ರ ಡಿಜಿಟಲ್ ದತ್ತಾಂಶ ರಕ್ಷಣಾ ಕಾಯ್ದೆಯೂ 18ರ ಒಳಗಿನವರ ಮಾಹಿತಿ ಬಳಸಲು ಪೋಷಕರ ದೃಢೀಕೃತ ಒಪ್ಪಿಗೆ ಬೇಕು ಅನ್ನುತ್ತೆ. ಬರಲಿ, ಒಳ್ಳೆಯದೇ. ಆದರೆ ನಿಷೇಧವಿದ್ದಾಗ ಕದ್ದು ಬಳಸಿದ ಮಗು ತೊಂದರೆಗೆ ಸಿಕ್ಕರೆ ಹೇಳಿಕೊಳ್ಳೋಕೆ ಅದಕ್ಕೆ ಇನ್ನೊಂದು ಭಯ ಸೇರಿಕೊಳ್ಳುತ್ತೆ. ಮನೆಯಲ್ಲಿ ಫೋನ್ ಕಿತ್ತುಕೊಂಡಾಗ ಆಗೋದೂ ಇದೇ. ಅಮ್ಮನಿಗೆ ಹೇಳಿದ್ದಕ್ಕೆ ಫೋನ್ ಹೋಯ್ತು ಅಂತ ಒಮ್ಮೆ ಕಲಿತ ಮಗು ಎರಡನೇ ಸಲ ಹೇಳಲ್ಲ.

ದೂರು ಎಲ್ಲಿ, ಹೇಗೆ

ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಮಾಡಿದರೆ ದುಡ್ಡು ಮುಂದಿನ ಖಾತೆಗೆ ದಾಟುವ ಮೊದಲೇ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು. ಚಿತ್ರ, ಬೆದರಿಕೆ, ನಕಲಿ ಅಕೌಂಟ್ ವಿಷಯವಾದರೆ ಕೇಂದ್ರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಮಹಿಳೆಯರು-ಮಕ್ಕಳಿಗೆ ಸಂಬಂಧಿಸಿದ ದೂರಿಗೆ ಪ್ರತ್ಯೇಕ ವಿಭಾಗವಿದೆ, ಅಲ್ಲಿ ಹೆಸರು ಹೇಳದೆಯೂ ಮಾಹಿತಿ ಕೊಡಬಹುದು. ಮಗುವೇ ನೇರವಾಗಿ ಮಾತಾಡಬೇಕು ಅಂದರೆ 1098, ಉಚಿತ, ದಿನದ 24 ಗಂಟೆ. ಕರ್ನಾಟಕದಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಠಾಣೆಗಳಿವೆ, ಆದರೆ ಹತ್ತಿರದ ಯಾವ ಠಾಣೆಗೆ ಹೋದರೂ ದೂರು ತೆಗೆದುಕೊಳ್ಳಬೇಕು. ಸೋಷಿಯಲ್ ಮೀಡಿಯಾ ಕಂಪನಿಗೂ ಅದರ ಕುಂದುಕೊರತೆ ಅಧಿಕಾರಿಯ ಮೂಲಕ ಬೇರೆಯಾಗಿ ದೂರು ಕೊಡಿ. ಅವರು ಸ್ಪಂದಿಸದಿದ್ದರೆ, ಇಲ್ಲವೇ ಉತ್ತರ ಒಪ್ಪಿಗೆಯಾಗದಿದ್ದರೆ, 30 ದಿನದೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು. ಎಲ್ಲ ಕಡೆಯೂ ಕೊಡುವ ದೂರಿನ ಸಂಖ್ಯೆಯನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಪ್ರತಿ ಸಲ ವಿಚಾರಿಸುವಾಗಲೂ ಮೊದಲು ಕೇಳೋದು ಅದನ್ನೇ.