ಬಯಲುಸೀಮೆಯವರ ಗಿರಿಯಾತ್ರೆ

ಕಲಬುರಗಿ ನಗರದ ಮಗ್ಗುಲಿಗಿರುವ ಶರಣಸಿರಸಗಿಯ ಹೊಲಗಳ ನಡುವೆ ನಿಂತು ಯಾವ ದಿಕ್ಕಿಗೆ ದೃಷ್ಟಿಯನ್ನು ಹರಿಸಿದರೂ ಕಾಣುವುದು ಎರೆಭೂಮಿಯ ವಿಸ್ತಾರವೊಂದೇ. ತೊಗರಿ ಜೋಳಗಳ ಸಾಲು ಮುಗಿದಲ್ಲಿ ಆಕಾಶ ಮೊದಲಾಗುತ್ತದೆ, ನಡುವೆ ಎಲ್ಲಿಯಾದರೂ ಒಂದು ಕಲ್ಲುಮಡ್ಡಿ ತಲೆಯೆತ್ತಿದರೆ ಅದನ್ನೇ ಗುಡ್ಡವೆಂದು ಕರೆದು ತೃಪ್ತರಾಗಬೇಕಾದ ಸೀಮೆಯಿದು. ಇಂತಹ ಸಮತಲದಲ್ಲಿ ಹುಟ್ಟಿ, ಅಲ್ಲಿಯೇ ಉತ್ತು ಬಿತ್ತಿ ಬಾಳುವ ಜನರು ಗಿರಿಯನ್ನೇರುವುದನ್ನು ವರ್ಷವರ್ಷದ ಸಂಪ್ರದಾಯವನ್ನಾಗಿ ಮಾಡಿಕೊಂಡು, ಅರಸುಮನೆತನಗಳು ಅಳಿದು ಗಡಿಗಳು ಬದಲಾದರೂ ಬಿಡದೆ ನಡೆಸಿಕೊಂಡು ಬಂದಿರುವುದು ನನಗೆ ಈ ನಾಡಿನ ಚರಿತ್ರೆಯ ಸೋಜಿಗಗಳಲ್ಲಿ ಒಂದಾಗಿ ತೋರುತ್ತದೆ. ಹೋಳಿ ಹುಣ್ಣಿಮೆ ಕಳೆದ ಐದನೆಯ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು. ಯುಗಾದಿಗೆ ಅಲ್ಲಿಂದ ಹತ್ತೇ ದಿನ. ಆ ಹತ್ತು ದಿನಗಳ ಆಚೆಯ ತುದಿಯಲ್ಲಿ, ನಲ್ಲಮಲ ಅರಣ್ಯದ ನೆತ್ತಿಯ ಮೇಲೆ, ಶ್ರೀಶೈಲವಿದೆ.

ಗಿರಿಸಂಚಾರದ ಇತಿಹಾಸವೆಂದೊಡನೆ ಓದಿದವರು ಸಾಮಾನ್ಯವಾಗಿ ಯೂರೋಪಿನ ಕಡೆಗೆ ಕೈತೋರಿಸುವರು. ಅದರಲ್ಲಿಯೂ ಸ್ಕಾಟ್ಲೆಂಡಿನವರು ಚಳಿಗಾಲದ ಒಂದು ದಿನ ಹಿಮ ಮುಚ್ಚಿದ ಬೆಟ್ಟಗಳಲ್ಲಿ ನಡೆದು ಬರುವುದನ್ನು ಒಂದು ಶಾಸ್ತ್ರವೆಂಬಷ್ಟು ನಿಷ್ಠೆಯಿಂದ ಬೆಳೆಸಿದ್ದಾರೆ. 1889ರಲ್ಲಿ ಅಲ್ಲಿ ಪರ್ವತಾರೋಹಿಗಳ ಸಂಘವೊಂದು ಹುಟ್ಟಿತು. ಮೂರು ಮೈಲಿಗೆ ಒಂದು ಗಂಟೆ, ಏರುವ ಪ್ರತಿ 2,000 ಅಡಿಗೆ ಇನ್ನೊಂದು ಗಂಟೆ ಎಂಬ ಲೆಕ್ಕವನ್ನು ಆ ಸಂಘದ ನೇಸ್ಮಿತ್ ಎಂಬವನು 1892ರಲ್ಲಿ ಹಾಕಿಕೊಟ್ಟನು. ಡಿಸೆಂಬರಿನಲ್ಲಿ ಏಳು ತಾಸೂ ಇರದ ಆ ಹಗಲಿನೊಳಗೆ, ದಾರಿಗುರುತಿನ ಕಲ್ಲುಗುಪ್ಪೆಗಳು ಹಿಮದಡಿ ಹೂತು, ನೆಲಮುಗಿಲುಗಳ ಭೇದವೇ ಅಳಿದುಹೋದ ಬಿಳುಪಿನಲ್ಲಿ, ಕತ್ತಲಾಗುವುದಕ್ಕೆ ಮೊದಲು ಕೆಳಗಿಳಿಯಬೇಕಾದವನಿಗೆ ಈ ಲೆಕ್ಕ ಪ್ರಾಣರಕ್ಷೆಯೇ ಸರಿ. ಅದಕ್ಕೂ ಒಂದು ವರ್ಷ ಮೊದಲು, 1891ರಲ್ಲಿ, ಸರ್ ಹ್ಯೂ ಮನ್ರೋ 3,000 ಅಡಿಗೆ ಮಿಗಿಲಾದ 283 ಶಿಖರಗಳ ಪಟ್ಟಿಯನ್ನು ಪ್ರಕಟಿಸಿದ್ದನು. ಎಲ್ಲವನ್ನೂ ಏರುವ ಭಾಗ್ಯ ಅವನಿಗೆ ಒದಗಲಿಲ್ಲ; 1901ರಲ್ಲಿ ಆ ಪಟ್ಟಿಯನ್ನು ಪೂರೈಸಿದನೆಂದು ಖ್ಯಾತನಾದ ರಾಬರ್ಟ್‌ಸನ್ ಎಂಬ ಪಾದ್ರಿ, ಕಡೆಯ ಶಿಖರದ ಮೇಲೆ ಮೊದಲು ಕಲ್ಲುಗುಪ್ಪೆಯನ್ನು ಮುದ್ದಿಟ್ಟು ಆಮೇಲೆ ಜೊತೆಗಿದ್ದ ಹೆಂಡತಿಯನ್ನು ಮುದ್ದಿಟ್ಟನೆಂದು ಹೇಳುವರು. ಕಥೆ ನಿಜವೋ ಕಟ್ಟಿದ್ದೋ, ಬೆಟ್ಟವನ್ನು ಎಣಿಸಲು ಹೊರಟವನೂ ಕೊನೆಗೆ ಅದರೊಡನೆ ನಂಟು ಬೆಳೆಸದೆ ಇರಲಾರನೆಂಬುದಕ್ಕೆ ಸಾಕ್ಷಿಯಾಗಿ ಅದನ್ನು ಇಲ್ಲಿ ನೆನೆದೆ.

ನಮ್ಮವರಾದರೋ ನಂಟಿನಿಂದಲೇ ಆರಂಭಿಸಿದರು. ಶ್ರೀಶೈಲದ ಭ್ರಮರಾಂಬೆ ಕನ್ನಡಿಗರ ಮನೆಮಗಳು, ಮಲ್ಲಯ್ಯ ಅಳಿಯ. ಯುಗಾದಿಗೆ ಹೋಗುವುದೆಂದರೆ ಕೊಟ್ಟ ಮಗಳನ್ನು ನೋಡಿ ಬರಲು ಹೋಗುವುದೆಂದೇ ಈ ಸೀಮೆಯ ಭಾವನೆ. ಆದುದರಿಂದ ಗಂಟಿನಲ್ಲಿ ಖಟಕ ರೊಟ್ಟಿ, ಶೇಂಗಾ ಹಿಂಡಿಗಳ ಜೊತೆಗೆ ಒಂದು ಸೀರೆ, ಕುಪ್ಪಸದ ಕಣ, ಅರಿಸಿನ ಕುಂಕುಮಗಳೂ ಇರುತ್ತವೆ. ವಿನೋದವೇನೆಂದರೆ, ನಲ್ಲಮಲದ ಮೂಲನಿವಾಸಿಗಳಾದ ಚೆಂಚರೂ ಆಕೆಯನ್ನು ತಮ್ಮ ಕುಲದ ಮಗಳೆಂದೇ ಹೇಳಿಕೊಂಡು, ದೇವನನ್ನು ಚೆಂಚು ಮಲ್ಲಯ್ಯನೆಂದು ಕರೆಯುವರು. ಒಬ್ಬ ಮಗಳಿಗೆ ಎರಡು ತವರು! ಈ ವ್ಯಾಜ್ಯವನ್ನು ತೀರಿಸುವ ಗೋಜಿಗೆ ಯಾರೂ ಹೋಗಿಲ್ಲ, ಹೋಗಬೇಕಾಗಿಯೂ ಇಲ್ಲ; ಕಾಡಿನೊಳಗೆ ಕನ್ನಡದ ಯಾತ್ರಿಕನಿಗೆ ದಾರಿ ತೋರಿಸುವವನು ಚೆಂಚನೇ ಆಗಿದ್ದನಲ್ಲವೆ?

ಈ ಪದ್ಧತಿ ಎಂದು ಮೊದಲಾಯಿತೆಂದು ಶಾಸನದ ಮಾತಿನಲ್ಲಿ ಹೇಳುವುದು ಸಾಧ್ಯವಿಲ್ಲದಿದ್ದರೂ, ಹನ್ನೆರಡನೆಯ ಶತಮಾನದ ಶರಣರ ಕಾಲಕ್ಕಾಗಲೇ ಕನ್ನಡನಾಡಿನ ಮನಸ್ಸು ಆ ಗಿರಿಯ ಕಡೆಗೆ ಹರಿದಿತ್ತೆಂಬುದರಲ್ಲಿ ಸಂಶಯವಿಲ್ಲ. ಚೆನ್ನಮಲ್ಲಿಕಾರ್ಜುನನನ್ನೇ ಪತಿಯೆಂದು ವರಿಸಿದ ಅಕ್ಕಮಹಾದೇವಿ ಕಲ್ಯಾಣದಿಂದ ಕದಳಿಯ ವನಕ್ಕೆ ನಡೆದಳು; ಅಲ್ಲಮಪ್ರಭುವಿನ ಕಥೆಯೂ ಅಲ್ಲಿಯೇ ಕೊನೆಗೊಳ್ಳುತ್ತದೆ. ಆದರೆ ನಡಿಗೆಯ ದೃಷ್ಟಿಯಿಂದ ಎಲ್ಲಕ್ಕಿಂತ ಮುಖ್ಯವಾದುದು ಸೊನ್ನಲಿಗೆಯ ಸಿದ್ಧರಾಮನ ವೃತ್ತಾಂತ. ದನ ಕಾಯುತ್ತಿದ್ದ ಬಾಲಕನ ಬಳಿಗೆ ಜಂಗಮರೂಪದಿಂದ ಬಂದ ಮಲ್ಲಯ್ಯನು ಉಣ್ಣಲು ಕೇಳಿ, ಹುಡುಗ ಮನೆಯಿಂದ ಬುತ್ತಿಯನ್ನು ತರುವಷ್ಟರಲ್ಲಿ ಮಾಯವಾಗಲು, ಅವನನ್ನು ಹುಡುಕುತ್ತ ಅಳುತ್ತ ಹೊರಟ ಹುಡುಗ ಶ್ರೀಶೈಲಕ್ಕೆ ಹೋಗುತ್ತಿದ್ದ ಯಾತ್ರಿಕರ ಗುಂಪನ್ನು ಕೂಡಿಕೊಂಡು ಪರ್ವತವನ್ನು ಸೇರುತ್ತಾನೆ. ಅಲ್ಲಿ ಲಿಂಗವನ್ನು ತೋರಿಸಿದರೆ ಇದು ಕಲ್ಲು, ನನ್ನ ಮಲ್ಲಯ್ಯನಲ್ಲವೆಂದು ಒಪ್ಪದೆ, ಕಮರಿಯ ಅಂಚಿನಲ್ಲಿ ಧುಮುಕಲು ನಿಂತಾಗ ದೇವರು ಕೈಹಿಡಿಯುತ್ತಾನೆ. ರಾಘವಾಂಕನು ‘ಸಿದ್ಧರಾಮ ಚಾರಿತ್ರ’ದಲ್ಲಿ ಇದನ್ನು ಕಾವ್ಯವಾಗಿಸಿದನು. ಭಕ್ತರು ಇಲ್ಲಿ ಪವಾಡವನ್ನು ಕಾಣುವರು. ಚರಿತ್ರೆಯನ್ನು ಅರಸುವವನ ಕಣ್ಣು ಆ ಯಾತ್ರಿಕರ ಗುಂಪಿನ ಮೇಲೆ ನಿಲ್ಲುತ್ತದೆ. ಹಾದಿಯಲ್ಲಿ ಅಂತಹ ಗುಂಪೊಂದು ಸಿಕ್ಕಿತೆಂಬುದಕ್ಕೆ ಕವಿ ಯಾವ ವಿವರಣೆಯನ್ನೂ ಕೊಡುವುದಿಲ್ಲ. ಅಂದರೆ ಅವನ ಓದುಗರಿಗೆ ಅದು ವಿವರಿಸಬೇಕಾದ ಸಂಗತಿಯೇ ಆಗಿರಲಿಲ್ಲ. ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥನು ತನ್ನ ‘ಪಂಡಿತಾರಾಧ್ಯ ಚರಿತ್ರೆ’ಯ ಒಂದು ಪ್ರಕರಣವನ್ನೇ ಈ ಪರ್ವತಕ್ಕೂ ಅದರ ಯಾತ್ರಿಕರಿಗೂ ಮೀಸಲಿಟ್ಟನು.

ದಾರಿಯ ಮೊದಲ ಭಾಗ, ರಾಯಚೂರು ಕರ್ನೂಲುಗಳ ಕಡೆಯಿಂದ ಆತ್ಮಕೂರಿನವರೆಗೆ, ಬಯಲುನಾಡಿನವನಿಗೆ ಪರಿಚಿತವಾದ ನಡಿಗೆಯೇ. ಬೆಳಗಿನ ಜಾವಕ್ಕೆ ಎದ್ದು ಬಿಸಿಲೇರುವ ತನಕ ನಡೆಯುವುದು, ಮಧ್ಯಾಹ್ನ ಮರದ ನೆರಳಿಗೋ ಗುಡಿಗೋ ಒರಗುವುದು, ಇಳಿಹೊತ್ತಿಗೆ ಮತ್ತೆ ಹೊರಡುವುದು. ಹಾದಿಯ ಊರುಗಳವರು ಮಜ್ಜಿಗೆ ಕೊಟ್ಟು, ಅನ್ನದಾಸೋಹ ನಡೆಸಿ, ಬೊಬ್ಬೆಯೆದ್ದ ಪಾದಗಳಿಗೆ ಎಣ್ಣೆ ತಿಕ್ಕುವರು. ಆತ್ಮಕೂರನ್ನು ದಾಟಿ ವೆಂಕಟಾಪುರದ ಬಳಿ ಕಾಡು ಹೊಕ್ಕಮೇಲೆ ಯಾತ್ರೆಯ ಸ್ವರೂಪವೇ ಬೇರೆ. ನಾಗಲೂಟಿಯ ವೀರಭದ್ರನ ಗುಡಿ, ಪೆಚ್ಚೆರುವಿನ ಕೆರೆ, ಆಮೇಲೆ ಭೀಮನಕೊಳ್ಳ. ಎರಡು ಬೆಟ್ಟಗಳ ನಡುವೆ ಸೀಳಿದಂತಿರುವ ಈ ಕಂದರಕ್ಕೆ ಒಂದು ಕಡೆಯಿಂದ ಇಳಿದು, ತಳದ ನೀರಿನಲ್ಲಿ ಮುಖ ತೊಳೆದು, ಎದುರಿನ ಮೈಯನ್ನು ಕಲ್ಲಿನ ಮೆಟ್ಟಿಲುಗಳ ಮೇಲೆ ಏರಬೇಕು. ಮೆಟ್ಟಿಲುಗಳು ಸಮವಲ್ಲ; ಒಂದು ಮೊಣಕಾಲೆತ್ತರವಾದರೆ ಇನ್ನೊಂದು ಗೇಣುದ್ದ; ಕಾಲಿಗೆ ಲಯ ಸಿಗದು. ಚೈತ್ರ ಸಮೀಪಿಸಿದ ಆ ಬಿಸಿಲಿನಲ್ಲಿ ಎಲೆಯುದುರಿದ ಮರಗಳ ಕೆಳಗೆ ಕಲ್ಲು ಕಾದು ಸುಡುತ್ತಿರುತ್ತದೆ. ಹಲವರು ಬರಿಗಾಲಿನವರು, ಕೆಲವರು ಪಾದಕ್ಕೆ ಅರಿವೆ ಸುತ್ತಿದವರು, ಇನ್ನು ಕೆಲವು ಹಟಮಾರಿಗಳು ಹರಕೆಯೆಂದು ಮರಗಾಲು ಕಟ್ಟಿಕೊಂಡು ಬಂದವರು. ಸ್ಕಾಟ್ಲೆಂಡಿನವನಿಗೆ ಹಿಮ ಹೇಗೋ ಇವರಿಗೆ ಬಿಸಿಲು ಹಾಗೆ: ಅದಿಲ್ಲದ ಕಾಲದಲ್ಲಿ ಹೋಗಬಹುದಾದರೂ ಹಾಗೆ ಹೋದರೆ ಹೋದಂತಾಗದು. ಮೇಲೆ ಕೈಲಾಸದ್ವಾರದ ಕಲ್ಲುಬಾಗಿಲಿನಲ್ಲಿ ಕುಳಿತು ದಣಿವಾರಿಸಿಕೊಂಡರೆ ಮುಂದಿನದು ಸಲೀಸು.

ಗುಂಪಿನ ಮುಂದೆ ಸಾಗುವುದು ಕಂಬಿ. ಹೆಗಲಿಗೆ ಅಡ್ಡವಾಗಿ ಹೊರುವ, ಬಟ್ಟೆಯಿಂದಲೂ ಹೂವಿನಿಂದಲೂ ಸಿಂಗರಿಸಿದ ಈ ದಂಡವೇ ಊರಿನ ಮಲ್ಲಯ್ಯ. ಅದು ಪಾತಾಳಗಂಗೆಯಲ್ಲಿ ಮಿಂದು ಮರಳಿ ಊರಿಗೆ ಬಂದಮೇಲೆ ಐದೇಶಿಯೆಂಬ ಹಬ್ಬವಾಗಿ, ನಡೆದವರಿಗೂ ನಡೆಯದವರಿಗೂ ಒಂದೇ ಪಂಕ್ತಿಯಲ್ಲಿ ಊಟವಾಗುತ್ತದೆ. ಯುಗಾದಿಯ ಹಿಂದಿನ ರಾತ್ರಿ ಶ್ರೀಶೈಲದಲ್ಲಿ ಕನ್ನಡದ ಭಕ್ತರು ಶಸ್ತ್ರಗಳನ್ನು ಚುಚ್ಚಿಕೊಂಡು ವೀರಾಚಾರವನ್ನು ಮೆರೆದು ಅಗ್ನಿಗುಂಡವನ್ನು ಹಾಯುವರು. ಅದನ್ನು ವರ್ಣಿಸುವ ಉತ್ಸಾಹ ನನಗಿಲ್ಲ.

ಅರಸರು ಈ ದಾರಿಗೆ ಮಾಡಿದ ಉಪಕಾರವನ್ನು ಮರೆಯಬಾರದು. ಹದಿನಾಲ್ಕನೆಯ ಶತಮಾನದಲ್ಲಿ ರೆಡ್ಡಿ ರಾಜ್ಯದ ಸ್ಥಾಪಕನಾದ ಪ್ರೋಲಯ ವೇಮಾರೆಡ್ಡಿ ಬೆಟ್ಟಕ್ಕೆ ಸೋಪಾನಗಳನ್ನು ಕಟ್ಟಿಸಿದನು. ಅದೇ ಶತಮಾನದ ಕೊನೆಯ ಭಾಗದಲ್ಲಿ ವಿಜಯನಗರದ ಎರಡನೆಯ ಹರಿಹರನ ರಾಣಿ ವಿಠ್ಠಲಾಂಬೆ ಪಾತಾಳಗಂಗೆಯ ಕಡೆಯ ಮೆಟ್ಟಿಲುಗಳನ್ನು ಹಾಕಿಸಿದಳು. ಕೃಷ್ಣದೇವರಾಯನು ಮಂಟಪಗಳನ್ನು ಕಟ್ಟಿಸಿದನು. 1677ರಲ್ಲಿ ಶಿವಾಜಿ ಬಂದು ಹೋದನು. ಗೋಪುರ ಮಂಟಪಗಳಿಗಿಂತ ಮೆಟ್ಟಿಲು ದೊಡ್ಡ ದಾನವೆಂದು, ಭೀಮನಕೊಳ್ಳವನ್ನು ಏರಿದವನಾರೂ ಒಪ್ಪದಿರಲಾರನು.

1794ರಲ್ಲಿ ಈ ಬೆಟ್ಟಕ್ಕೆ ಬಂದವನು ನಿಜವಾಗಿಯೂ ಒಬ್ಬ ಸ್ಕಾಟ್ಲೆಂಡಿನವನು: ಉತ್ತರದ ಲೂಯಿಸ್ ದ್ವೀಪದಲ್ಲಿ ಹುಟ್ಟಿ, ಕಂಪನಿಯ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದು, ಮುಂದೆ ಮೈಸೂರು ಸೀಮೆಯನ್ನು ಅಳೆದು, 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ ಕಾಲಿನ್ ಮೆಕೆಂಜಿ. ಆಗ ಈ ಪ್ರದೇಶ ಕರ್ನೂಲಿನ ನವಾಬರದು. ಪ್ರಾಕಾರದ ಗೋಡೆಯ ಮೇಲೆ ಸಾಲುಸಾಲಾಗಿ ಕೊರೆದ ಆನೆ, ಕುದುರೆ, ಬೇಟೆಯ ಚಿತ್ರಗಳನ್ನು ಅವನು ಬೆರಗಿನಿಂದ ಗುರುತಿಸಿಕೊಂಡನು. ಕತ್ತಲೆಯ ಗರ್ಭಗುಡಿಯೊಳಕ್ಕೆ ಹಿತ್ತಾಳೆಯ ಕನ್ನಡಿಯೊಂದರಿಂದ ಬಿಸಿಲನ್ನು ಪ್ರತಿಫಲಿಸಿ, ಬೆಳಕು ಮಿಂಚಿದಷ್ಟು ಹೊತ್ತು ಮಾತ್ರ ಲಿಂಗದ ದರ್ಶನವಾಗುವಂತೆ ಮಾಡುತ್ತಿದ್ದುದನ್ನೂ ಬರೆದನು. ‘ಏಷ್ಯಾಟಿಕ್ ರಿಸರ್ಚಸ್’ನ ಐದನೆಯ ಸಂಪುಟದಲ್ಲಿ ಅಚ್ಚಾದ ಅವನ ಬರಹ, ನಮ್ಮ ಪುರಾಣಗಳು ಹೇಳಲು ಮರೆತ ಇಂತಹ ಸಣ್ಣ ಸಂಗತಿಗಳಿಗಾಗಿಯೇ ಅಮೂಲ್ಯವಾದುದು.

ಇಂದು ಮೋಟಾರು ರಸ್ತೆ ಗುಡಿಯ ಬಾಗಿಲಿಗೇ ಹೋಗುತ್ತದೆ. 1963ರಲ್ಲಿ ನೆಹರೂ ಅವರು ಶಂಕುಸ್ಥಾಪನೆ ಮಾಡಿದ ಅಣೆಕಟ್ಟು ಕೃಷ್ಣೆಯನ್ನು ತಡೆದು ನಿಲ್ಲಿಸಿದೆ. ಕಾಡು ಹುಲಿಗಳ ರಕ್ಷಿತಾರಣ್ಯವಾದ್ದರಿಂದ ಕಾಲುದಾರಿ ಶಿವರಾತ್ರಿ ಯುಗಾದಿಗಳ ದಿನಗಳಲ್ಲಿ ಮಾತ್ರ ಯಾತ್ರಿಕರಿಗೆ ತೆರೆಯುವುದು. ಹಿಂದಿನವರು ನಡೆದು ಹೋಗಿ ನಡೆದೇ ಬರುತ್ತಿದ್ದರು. ಈಗಿನ ಹೆಚ್ಚಿನವರು ನಡೆದು ಹೋಗಿ ಬಸ್ಸಿನಲ್ಲಿ ಮರಳುವರು. ಇದನ್ನು ಭಕ್ತಿಯ ಕ್ಷಯವೆಂದು ಮರುಗುವವರಿದ್ದಾರೆ. ಹೊಲದ ಕೆಲಸ ಕಾಯುತ್ತಿರುವವನಿಗೆ ಮರುದಾರಿಯ ಹತ್ತು ದಿನಗಳ ಬೆಲೆ ಏನೆಂಬುದನ್ನು ಅವರು ಬಲ್ಲರೋ ಇಲ್ಲವೋ.

ಅಷ್ಟು ದೂರ ಹೋಗಲಾರದವರಿಗಾಗಿ ಸಿದ್ಧರಾಮನೇ ಒಂದು ದಾರಿಯನ್ನು ಮಾಡಿಟ್ಟಿದ್ದನು. ಶ್ರೀಶೈಲದಿಂದ ಮರಳಿದ ಅವನು ಸೊನ್ನಲಿಗೆಯನ್ನೇ ಎರಡನೆಯ ಶ್ರೀಶೈಲವನ್ನಾಗಿಸಲು ಮಲ್ಲಿಕಾರ್ಜುನನ ಗುಡಿಯನ್ನು ಎತ್ತಿಸಿ, ಕೆರೆಯನ್ನು ತೋಡಿಸಿ, ಊರ ಸುತ್ತಲೂ 68 ಲಿಂಗಗಳನ್ನು ಸ್ಥಾಪಿಸಿದನೆಂದು ಪ್ರತೀತಿ. ಬೆಟ್ಟವೊಂದನ್ನುಳಿದು ಮಿಕ್ಕದ್ದೆಲ್ಲವೂ ಬಯಲಿಗೆ ಬಂದಿತು. ಇಂದಿನ ಸೊಲ್ಲಾಪುರದಲ್ಲಿ ಮಕರ ಸಂಕ್ರಾಂತಿಯ ಚಳಿಯಲ್ಲಿ ನಡೆಯುವ ಗಡ್ಡೆಯ ಜಾತ್ರೆಗೆ ಏಳು ನಂದಿಧ್ವಜಗಳು ಹೊರಟು ಈ ಲಿಂಗಗಳನ್ನೆಲ್ಲ ಸುತ್ತಿ ಎಣ್ಣೆಯ ಅಭಿಷೇಕ ಮಾಡಿಸುವುವು. ಮುಗಿಲೆತ್ತರದ ಆ ಕೋಲನ್ನು ಸೊಂಟದ ಪಟ್ಟಿಯಲ್ಲಿ ಊರಿ ಒಬ್ಬನೇ ಹೊರಬೇಕು. ಸುತ್ತಲಿನವರು ಹಗ್ಗ ಹಿಡಿದು ಅದನ್ನು ವಾಲಗೊಡದೆ ಕಾಯುವರು. ಅಲ್ಲಿಯೂ ಒಂದು ಮದುವೆಯುಂಟು: ಸಿದ್ಧರಾಮನ ಯೋಗದಂಡಕ್ಕೂ ಕುಂಬಾರರ ಕನ್ಯೆಗೂ ಅಕ್ಷತೆ ಬೀಳುವುದನ್ನು ನೋಡಲು ಗಡಿಯ ಈಚೆಯ ಅಫಜಲಪುರ, ಆಳಂದ ಸೀಮೆಗಳಿಂದ ಜನ ಹೋಗುವರು, ಅವರಲ್ಲಿ ಎಷ್ಟೋ ಮಂದಿ ಎರಡು ತಿಂಗಳು ಕಳೆದಮೇಲೆ ಕಂಬಿಯ ಹಿಂದೆಯೂ ಹೊರಡುವವರೇ.