ಗಾಮದೇವಿಯವರು ಮನೆ ಆರಿಸಿದ ಬಗೆ

ಮನೆ ಸಾಲಕ್ಕೆ ಬಂದವರನ್ನು ನಾನು ಮೊದಲು ಕೇಳುವುದು, "ನಿಮ್ಮ ದಿನಚರಿ ಹೇಗೆ?" ಅಂತ. ಮುಂಬಯಿಗೆ ಬಂದ ನಮ್ಮ ಕಡೆಯವರು ನೂರು ವರ್ಷದ ಹಿಂದೆಯೇ ಇದನ್ನು ಯೋಚಿಸಿದ್ದರು. ಉತ್ತರ ಕನ್ನಡದ ಕಡೆಯಿಂದ ಬಂದ ಸಾರಸ್ವತ ನೌಕರರಿಗೆ ಬೇಕಿದ್ದದ್ದು ಬಂಗಲೆಯಲ್ಲ. ಸಂಬಳಕ್ಕೆ ಎಟಕುವ ಬಾಡಿಗೆ, ಗೊತ್ತಿರುವ ನೆರೆಹೊರೆ.

1906ರಲ್ಲಿ ಶಾಮರಾವ್ ವಿಠಲ ಸಹಕಾರಿ ಬ್ಯಾಂಕ್ ಸ್ಥಾಪಿಸಿದ ಶ್ರೀಪಾದ ಸುಬ್ರಾವ್ ತಲ್ಮಕಿಯವರೇ 1915ರಲ್ಲಿ ಗಾಮದೇವಿಯ ಸಾರಸ್ವತ ಸಹಕಾರಿ ಗೃಹ ಸಂಘಕ್ಕೂ ಮುಂದಾಳು. ಅಲ್ಲಿ ಕಟ್ಟಡ ಸಂಘದ್ದು. ಸದಸ್ಯ ಷೇರುದಾರನೂ ಹೌದು, ಬಾಡಿಗೆದಾರನೂ ಹೌದು. ಬೇರೊಬ್ಬ ಮಾಲೀಕನ ಮರ್ಜಿ ಕಾಯಬೇಕಿಲ್ಲ.

ಈಗ ನಾವು ಚದರಡಿ ಎಣಿಸುತ್ತೇವೆ. ನಿವೃತ್ತಿ ಹತ್ತಿರವಾದ ನನಗಂತೂ ನಡೆದು ಹೋಗುವಷ್ಟರಲ್ಲಿ ಹಾಲು, ಔಷಧಿ ಸಿಗಬೇಕು. ಅಪರಾತ್ರಿಯಲ್ಲಿ ತಟ್ಟಬಹುದಾದ ಒಂದು ಬಾಗಿಲು ಪಕ್ಕದಲ್ಲಿರಬೇಕು. ಬಾಲ್ಕನಿ ಆಮೇಲೆ. ನೀವೇನಂತೀರಿ?